ಪಾರ್ಕ್ ಬೇಲಿಯ ಹಳದಿ ಹಣ್ಣು

ಮನೆ 14: ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದೆವು. ಮಗಳಿಗೆ ವಾಂತಿ ನಿಲ್ಲಲೇ ಇಲ್ಲ. ಸಂಜೆ ಪಾರ್ಕ್ ಹತ್ತಿರ ಆ ಮರದ ಹಣ್ಣು ತಿಂದಳಂತೆ. ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೆ, ಯಾರಾದರೂ ಕಿವಿಗೆ ಹಾಕಿಕೊಂಡಿರಾ? ಇವತ್ತೇ ಕಡಿಸಿ!

ಮನೆ 3: ಅಯ್ಯೋ, ಮಗು ಈಗ ಹೇಗಿದೆಯಮ್ಮ?

ಮನೆ 14: ಈಗ ಮಲಗಿದ್ದಾಳೆ ಆಂಟಿ.

ಮನೆ 27: ನಾನು ಮೊದಲೇ ಹೇಳಿದ್ದೆ. ಆ ಗಸಗಸೆ ಮರ ಹೋಗಲೇಬೇಕು. ಬಾವಲಿಗಳು ನನ್ನ ಕಾರಿನ ಗತಿ ಏನು ಮಾಡಿವೆ, ಬಂದು ನೋಡಿ.

ಮನೆ 9: ಸರ್, ಗಸಗಸೆ ಹಣ್ಣು ತಿಂದೇ ನಾವೆಲ್ಲ ದೊಡ್ಡವರಾಗಿದ್ದು. ಮೇಡಂ, ಹಣ್ಣು ಕೆಂಪಗಿತ್ತಾ, ಹಳದಿಯಾ?

ಮನೆ 14: ಹಳದಿ, ಮಣಿ ತರಹ. ಫ್ರಾಕ್ ಜೇಬಲ್ಲಿ ಇನ್ನೂ ಆರು ಇವೆ. [ಫೋಟೊ]

ಮನೆ 9: ಇದು ಡುರಾಂಟಾ. ಗಸಗಸೆ ಹಣ್ಣು ಕೆಂಪು, ಮೆತ್ತಗೆ, ಒಳಗೆ ಗಸಗಸೆಯಂಥ ಬೀಜ. ಎಲೆ ಮುಟ್ಟಿದರೆ ಅಂಟಂಟು. ಡುರಾಂಟಾದ್ದು ನೇರಳೆ ಹೂವಿನ ಗೊಂಚಲು, ಆಮೇಲೆ ಈ ಹಳದಿ ಮಣಿಗಳು ಜೋತು ಬೀಳುತ್ತವೆ. ಹಕ್ಕಿಗಳು ತಿಂದು ಅರಗಿಸಿಕೊಳ್ಳುತ್ತವೆ, ಮಕ್ಕಳಿಗೆ, ನಾಯಿಗೆ ವಿಷ. ಆ ಆರನ್ನು ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ. ಎರಡೂ ಅಮೆರಿಕದ ಕಡೆಯ ಗಿಡಗಳೇ.

ಮನೆ 8: ವೀಸಾ ಮುಗಿದಿದ್ದರೆ ವಾಪಸ್ ಕಳಿಸಿ 😂

ಮನೆ 3: ಅಂದರೆ ಮರ ಅಲ್ಲ, ನಮ್ಮ ಬೇಲಿಯೇ ಅದು!

ಮನೆ 9: ಹೌದು. ಆಗಾಗ ಕತ್ತರಿಸುತ್ತಿದ್ದರೆ ಹೂವೇ ಜಾಸ್ತಿ ಬಿಡುವುದಿಲ್ಲ, ಹಣ್ಣೆಲ್ಲಿಂದ ಬರಬೇಕು? ಸುಮ್ನೆ ಬಿಟ್ಟಿದ್ದಕ್ಕೆ ಮರದಂತೆ ಎದ್ದು ನಿಂತಿದೆ.

ಮನೆ 31: ಮಾಲಿ ದೀಪಾವಳಿಗೇ ಬಿಟ್ಟು ಹೋದ. ಎರಡನೇ ಅಡ್ಡರಸ್ತೆಯವರು ದುಡ್ಡೇ ಕೊಡದಿದ್ದರೆ ಇನ್ನೇನು ಮಾಡುತ್ತಾನೆ?

ಮನೆ 19: ಲೆಕ್ಕ ಕೇಳಿದ್ದಕ್ಕೆ ನನ್ನನ್ನು ಗುಂಪಿನಿಂದ ತೆಗೆದವರು ಯಾರು? ಅದನ್ನು ಮೊದಲು ಹೇಳಿ.

ಮನೆ 22: ಶುಭೋದಯ 🌸 ನಗುತ್ತಾ ಇರಿ, ನಗಿಸುತ್ತಾ ಇರಿ 🌸

ಮನೆ 27: (ಫಾರ್ವರ್ಡ್) ಬಾವಲಿಯಿಂದ ನಿಫಾ!! ತಕ್ಷಣ ಎಲ್ಲರಿಗೂ ಕಳಿಸಿ!!

ಮನೆ 9: ಅದು 2018ರಲ್ಲಿ ಕೇರಳಕ್ಕೆ ಬಂದಾಗಿನ ಮೆಸೇಜ್ ಸರ್. ಬಾವಲಿ ಕಚ್ಚಿದ ಹಣ್ಣು ಮಾತ್ರ ತಿನ್ನಬೇಡಿ. ರಸ್ತೆ ಮರ ಪಾಲಿಕೆಯದು, ಕೇಳದೆ ಕಡಿಯುವಂತಿಲ್ಲ. ಬೇಲಿಗೆ ಒಂದು ಕತ್ತರಿ ಸಾಕು.

ಮನೆ 3: ಭಾನುವಾರ 7 ಗಂಟೆಗೆ ಎಲ್ಲರೂ ಬನ್ನಿ. ಮುಳ್ಳಿರುತ್ತದೆ, ಗ್ಲೌಸ್ ತನ್ನಿ.

ಮನೆ 31: ನಮಗೆ ಗೃಹಪ್ರವೇಶ ಇದೆ.

ಮನೆ 19: ಲೆಕ್ಕದ ಪುಸ್ತಕ ತಂದರೆ ಬರುತ್ತೇನೆ.

ಮನೆ 27: ನನ್ನ ಕಾರಿನ ಮಾತು ಯಾರಿಗೂ ಬೇಡ ಅಲ್ವಾ? 11ರವರು ನನ್ನ ಗೇಟ್ ಮುಂದೆ ಎರಡು ಗಾಡಿ ನಿಲ್ಲಿಸುತ್ತಾರೆ. ಅದಕ್ಕೇ ನಾನು ಮರದ ಕೆಳಗೆ ನಿಲ್ಲಿಸುವುದು.

ಮನೆ 11: ರಸ್ತೆ ನಿಮ್ಮ ಹೆಸರಲ್ಲಿ ಖಾತೆ ಆಗಿದೆಯಾ ಅಂಕಲ್?

ಮನೆ 8: 🍿

ಮನೆ 3: ಜಗಳ ಬೇಡಪ್ಪಾ. ಭಾನುವಾರ ಪಾರ್ಕಿಂಗ್ ಬಗ್ಗೆಯೇ ಮೀಟಿಂಗ್ ಇಡೋಣ.

ಮನೆ 14: ಬೇಲಿ?

ಮನೆ 22: ಯಾರ ಮನೆಗಾದರೂ ಕಾವೇರಿ ನೀರು ಬಂತಾ? ನಮ್ಮ ಸಂಪು ಖಾಲಿ.