ಮುಂಬೈಯಲ್ಲಿ ಪ್ರಾಸ್ಥೆಟಿಕ್ ಮೇಕಪ್ ಕಲಾವಿದರನ್ನು ಗೊತ್ತು ಮಾಡುವಾಗ ಏನು ನೋಡಬೇಕು?

ಡೊಂಬಿವಲಿ ವಾಸಿ:
ಅಂಧೇರಿಯ ಸಣ್ಣ ನಿರ್ಮಾಣ ಸಂಸ್ಥೆಯೊಂದರಲ್ಲಿ ಲೈನ್ ಪ್ರೊಡ್ಯೂಸರ್ (ಚಿತ್ರೀಕರಣದ ಖರ್ಚುವೆಚ್ಚ ನೋಡಿಕೊಳ್ಳುವವ) ಆಗಿದ್ದೇನೆ. ಮುಂದಿನ ವೆಬ್ ಸರಣಿಯಲ್ಲಿ ನಲವತ್ತರ ನಟರೊಬ್ಬರು ಪ್ರಾಸ್ಥೆಟಿಕ್ ಮೇಕಪ್ಪಿನಿಂದ, ಅಂದರೆ ಮುಖಕ್ಕೆ ಕೃತಕ ಚರ್ಮದ ತುಂಡುಗಳನ್ನು ಅಂಟಿಸಿ, ಎಪ್ಪತ್ತೈದರ ಮುದುಕರಾಗಬೇಕು. ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಹಳೆಯ ಸುಟ್ಟ ಕಲೆಯೂ ಬೇಕು. ಚಿತ್ರೀಕರಣ ಮೇ ತಿಂಗಳಲ್ಲಿ, ವಸಾಯಿಯಲ್ಲಿ, ಬಹುಪಾಲು ಹೊರಾಂಗಣ. ಮೂವರು ಕಲಾವಿದರು ಇನ್‌ಸ್ಟಾಗ್ರಾಂ ಚಿತ್ರಗಳನ್ನು ಕಳುಹಿಸಿದ್ದಾರೆ. ನನ್ನ ಕಣ್ಣಿಗೆ ಮೂವರದ್ದೂ ಚೆನ್ನಾಗಿದೆ, ಆದರೆ ಒಬ್ಬರು ಕೇಳುವ ಹಣ ಇನ್ನೊಬ್ಬರದ್ದಕ್ಕಿಂತ ನಾಲ್ಕು ಪಟ್ಟು. ಯಾವುದನ್ನು ನೋಡಿ ಆರಿಸಲಿ?

ಮಾಟುಂಗಾ ನಾಟಕದವ:
ಇಷ್ಟಕ್ಕೆಲ್ಲ ಅಷ್ಟು ಹಣವೇ? ಹತ್ತಿ, ಲ್ಯಾಟೆಕ್ಸ್, ಸ್ವಲ್ಪ ಬಣ್ಣ ಇದ್ದರೆ ಸುಟ್ಟ ಗಾಯ ಸಿದ್ಧ. ನಮ್ಮ ತಂಡದಲ್ಲಿ ಹಾಗೆಯೇ ಮಾಡುತ್ತೇವೆ.

ಮಲಾಡ್ ಅಕ್ಕ:
ನಾಟಕದವರೇ, ಹತ್ತನೇ ಸಾಲಿನಲ್ಲಿ ಕುಳಿತವರಿಗೆ ಅಂಟಿಸಿದ್ದರ ಅಂಚು ಕಾಣುವುದಿಲ್ಲ. ಕ್ಯಾಮೆರಾಗೆ ಮೊದಲು ಕಾಣುವುದೇ ಅದು.

ಡೊಂಬಿವಲಿಯವರೇ, ದೆವ್ವ, ರಕ್ತ, ಹೊರಬಂದ ಕರುಳು ಇರುವ ಚಿತ್ರಗಳನ್ನು ಪಕ್ಕಕ್ಕಿಡಿ. ರಕ್ತ ಎಲ್ಲ ತಪ್ಪನ್ನೂ ಮುಚ್ಚುತ್ತದೆ. ಒಂದು ಸಾದಾ ಮುದಿ ಮುಖದ ವೀಡಿಯೊ ಕೇಳಿ. ಅದನ್ನು ಬಿಸಿಲಿನಲ್ಲಿ ತೆಗೆದಿರಬೇಕು, ನಟ ಮಾತನಾಡುತ್ತಾ ನಗುತ್ತಿರಬೇಕು. ನಗುವಾಗ ಬಾಯಿಯ ಮೂಲೆಯಲ್ಲಿ ಅಂಟಿಸಿದ ಸಿಲಿಕೋನ್ ತುಂಡು ಚರ್ಮದೊಡನೆ ಸರಿಯುತ್ತದೆಯೋ, ಅಥವಾ ಕೂದಲೆಳೆಯಷ್ಟು ಗೆರೆ ಬಿಟ್ಟು ಮೇಲೇಳುತ್ತದೆಯೋ ನೋಡಿ. ಇಷ್ಟು ಸಾಕು, ಅರ್ಧ ಸಂದರ್ಶನ ಮುಗಿಯಿತು.

ಇನ್ನು ನಾಲ್ಕು ಪಟ್ಟಿನ ಗುಟ್ಟು. ಸಿಲಿಕೋನ್ ತುಂಡಿನ ಅಂಚನ್ನು ತೀರಾ ತೆಳುವಾಗಿ ಎರೆದು, ಅಂಟಿಸಿದ ಮೇಲೆ ಆ ಅಂಚಿನ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ದ್ರಾವಕದಿಂದ ಕರಗಿಸಿ ಚರ್ಮಕ್ಕೆ ಬೆರೆಸುತ್ತಾರೆ. ಸಂಜೆ ಬಿಚ್ಚುವಾಗ ಆ ಅಂಚು ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಚಿತ್ರೀಕರಣದ ದಿನಕ್ಕೂ ತುಂಡುಗಳ ಹೊಸ ಸೆಟ್ ಬೇಕು. ಕಡಿಮೆ ಹೇಳಿದವರನ್ನು ಎಷ್ಟು ಸೆಟ್ ಎಂದು ಕೇಳಿ. ಮುದುಕನ ದೃಶ್ಯಗಳನ್ನು ದಿನಕ್ಕೆ ಒಂದೊಂದು ಹರಡದೆ ಕೆಲವೇ ದಿನಗಳಲ್ಲಿ ಮುಗಿಸಿದರೆ ಉಳಿಯುವ ಹಣ, ಎಷ್ಟು ಚೌಕಾಸಿ ಮಾಡಿದರೂ ಉಳಿಯುವುದಿಲ್ಲ.

ತುಂಡಿನ ಆಕಾರ ಕೆತ್ತಲು ಯಾವ ಜೇಡಿ ಬಳಸುತ್ತಾರೆ ಎಂದೂ ಕೇಳಿ. ಗಂಧಕವಿರುವ ಜೇಡಿಯ ಮೇಲೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ಬೆರೆಸಿ ಗಟ್ಟಿಯಾಗಿಸುವ ಬಗೆ) ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಕೈಯಾರೆ ಮಾಡುವವರು ತಕ್ಷಣ ಉತ್ತರಿಸುತ್ತಾರೆ. ಬೇರೆಯವರಿಂದ ಮಾಡಿಸಿ ತನ್ನ ಹೆಸರಿನಲ್ಲಿ ಕೊಡುವವರು ತಡವರಿಸುತ್ತಾರೆ. (ಅಂಥವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ.)

ಮೇ ತಿಂಗಳು ಎನ್ನುತ್ತೀರಿ. ಸಿಲಿಕೋನ್ ಬೆವರನ್ನು ಹೊರಗೆ ಬಿಡುವುದಿಲ್ಲ, ಅದು ಒಳಗೇ ಕೂಡಿ ಅಂಚನ್ನು ಎತ್ತುತ್ತದೆ. ಬೆಳಿಗ್ಗೆ ಅಂಟಿಸಿ ಹೊರಟುಹೋಗುವವರು ಬೇಡ. ದಿನವಿಡೀ ನಟರ ಪಕ್ಕದಲ್ಲೇ ಒಬ್ಬರಿರಬೇಕು ಎಂದು ಕರಾರಿನಲ್ಲಿ ಬರೆಸಿ. ಬಿಚ್ಚುವ ಸಮಯವನ್ನೂ ನಟರ ಪಾಳಿಯಲ್ಲೇ ಸೇರಿಸಿ. ಅವಸರದಲ್ಲಿ ಕಿತ್ತರೆ ಚರ್ಮವೂ ಬರುತ್ತದೆ. ಅಂಟಿನ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ನೋಡುವುದು) ಕನಿಷ್ಠ ಒಂದು ದಿನ ಮೊದಲೇ ಆಗಲಿ.

ವಾಶಿ ಮೈಸೂರು:
ಅಕ್ಕ, ಒಂದು ಸಂಶಯ. ಮೂವರಲ್ಲಿ ಮಹಿಳೆಯರಿದ್ದರೆ ಮೇಕಪ್ ಕಲಾವಿದರ ಯೂನಿಯನ್ನಿನವರು ತಕರಾರು ಮಾಡುವುದಿಲ್ಲವೇ? ಹಿಂದೆ ಹೆಂಗಸರಿಗೆ ಕೇಶಾಲಂಕಾರದ ಸದಸ್ಯತ್ವ ಕಾರ್ಡ್ ಮಾತ್ರ ಕೊಡುತ್ತಿದ್ದರು ಎಂದು ಕೇಳಿದ್ದೇನೆ.

ಮಲಾಡ್ ಅಕ್ಕ:
ಆ ಕಥೆ 2014ರ ನವೆಂಬರಿನಲ್ಲೇ ಮುಗಿಯಿತು. ಹಾಗೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಯಾರಾದರೂ ಸೆಟ್ಟಿಗೆ ಬಂದು ಗದರಿಸಿದರೆ ತೀರ್ಪಿನ ಪ್ರತಿ ತೋರಿಸಿ.

ಡೊಂಬಿವಲಿ ವಾಸಿ:
ಮೂವರಿಗೂ ಬರೆದು ಕೇಳಿದೆ. ಕಡಿಮೆ ಹೇಳಿದವರದ್ದು ಒಂದೇ ಸೆಟ್! ವೇಳಾಪಟ್ಟಿಯನ್ನು ಒಟ್ಟುಗೂಡಿಸಲು ನಿರ್ದೇಶಕರು ಗೊಣಗುತ್ತಲೇ ಒಪ್ಪಿದ್ದಾರೆ. ನಟರ ಬಗ್ಗೆ ಚಿಂತೆಯಿಲ್ಲ. ಕುಂದಾಪುರದ ಕಡೆಯವರು, ಯಕ್ಷಗಾನದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ಮಾಡಿದವರು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡ ಮುಖ ಅದು.

ಮಲಾಡ್ ಅಕ್ಕ:
ಹಾಗಾದರೆ ಅರ್ಧ ತಲೆನೋವು ಕಡಿಮೆ. ಗಡ್ಡವಿದ್ದರೆ ಮುಖದ ಅಚ್ಚು ತೆಗೆಯುವ ದಿನ ನುಣ್ಣಗೆ ಬೋಳಿಸಿಕೊಂಡು ಬರಲು ಹೇಳಿ. ಅಚ್ಚು ತೆಗೆದ ಮೇಲೆ ಚಿತ್ರೀಕರಣ ಮುಗಿಯುವವರೆಗೆ ತೂಕ ಇಳಿಸುವ ವ್ರತ ಹಿಡಿಯುವುದು ಬೇಡ, ಅಚ್ಚಿನಿಂದ ಮಾಡಿದ ತುಂಡು ಮುಖಕ್ಕೆ ಕೂರಬೇಕಲ್ಲ.