ಮೋಬಿ ಡಿಕ್: 32ನೇ ಅಧ್ಯಾಯದಲ್ಲಿ ಮತ್ತೆ ಸಿಕ್ಕಿಬಿದ್ದಿದ್ದೇನೆ, ಹಾರಿಸಿ ಓದಬಹುದಾ?

ಪುಟಮಡಚಿ

ಹರ್ಮನ್ ಮೆಲ್ವಿಲ್‌ನ ಈ ತಿಮಿಂಗಿಲ ಬೇಟೆಯ ಕಾದಂಬರಿ ಕೈಗೆತ್ತಿಕೊಂಡಿದ್ದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಇದೇ ಜಾಗದಲ್ಲಿ ಪುಟ ಮಡಚಿ ಎತ್ತಿಟ್ಟಿದ್ದೆ, ಆ ಮಡಿಕೆ ಇನ್ನೂ ಹಾಗೇ ಇದೆ. ಶುರು ಎಷ್ಟು ಚೆನ್ನಾಗಿದೆ ಅಲ್ವಾ? ಕಥೆ ಹೇಳುವ ಇಷ್ಮೇಲ್ ಮತ್ತು ಈಟಿಗಾರ ಕ್ವೀಕ್ವೆಗ್ ಒಂದೇ ಹಾಸಿಗೆಯಲ್ಲಿ ಮಲಗಬೇಕಾಗಿ ಬರುವ ರಾತ್ರಿ ಓದಿ ಒಬ್ಬಳೇ ನಕ್ಕಿದ್ದೆ. ಹಡಗು ಹೊರಟಿತು, ಕ್ಯಾಪ್ಟನ್ ಏಹಬ್ ಅಂತೂ ಇಂತೂ ಡೆಕ್ ಮೇಲೆ ಮುಖ ತೋರಿಸಿದ, ಇನ್ನು ಕಥೆ ಓಡುತ್ತದೆ ಅಂತ ಕಾಲು ಚಾಚಿ ಕೂತರೆ ತಿಮಿಂಗಿಲಗಳ ವರ್ಗೀಕರಣ! ಅದೂ ಪುಟಗಟ್ಟಲೆ. ಜೊತೆಗೆ ತಿಮಿಂಗಿಲ ಮೀನೇ ಅಂತ ವಾದ ಬೇರೆ.

ಇದು ಕಾವ್ಯದಂಥ ಕಾದಂಬರಿ, ಸಮುದ್ರವೇ ಮಾತಾಡಿದ ಹಾಗೆ ಇದೆ ಅಂತ ಓದಿದವರೆಲ್ಲ ಹೇಳುತ್ತಾರೆ. ನನಗೆ ಸಿಕ್ಕಿದ್ದು ಪರೀಕ್ಷೆ ಹಿಂದಿನ ದಿನದ ನೋಟ್ಸ್. ಇಂಥ ಅಧ್ಯಾಯಗಳು ಮುಂದೆ ಇನ್ನೂ ಇವೆಯಂತೆ. ಹಾರಿಸಿದರೆ ಏನು ಕಳೆದುಕೊಳ್ಳುತ್ತೇನೆ? ಮುಗಿಸಿದವರು ನಿಜ ಹೇಳಿ. ಕೊನೆ ಏನಾಗುತ್ತದೆ ಅಂತ ಗೊತ್ತು, ಹಾಗಾಗಿ ಮುಚ್ಚಿಡುವುದು ಬೇಡ.

ನೇರಮಾತು

ಹಾರಿಸಿ. ಏನೂ ಆಗಲ್ಲ. 135 ಅಧ್ಯಾಯ ಇದೆ, ಎಲ್ಲವನ್ನೂ ಓದಿದವರಿಗೆ ಯಾರೂ ಶಾಲು ಹೊದಿಸುವುದಿಲ್ಲ.

ನಾನು ಓದಿದ್ದು ಹೀಗೆ. 36ರಲ್ಲಿ ಏಹಬ್, ಬಿಳಿ ತಿಮಿಂಗಿಲ ಮೋಬಿ ಡಿಕ್ ಅನ್ನು ಮೊದಲು ಕಂಡವನಿಗೆ ಅಂತ, ಚಿನ್ನದ ನಾಣ್ಯವನ್ನು ಹಡಗಿನ ಕೂವೆಮರಕ್ಕೆ ಹೊಡೆಯುತ್ತಾನೆ, ಅಲ್ಲಿಂದ ಕಥೆ ಹಿಡಿದೆ. 48ರಲ್ಲಿ ಮೊದಲ ಬೇಟೆ. ಆಮೇಲೆ ಬೇಕಾದಲ್ಲಿ ಇಳಿದು ಬೇಡವಾದಲ್ಲಿ ಹತ್ತಿ 132ಕ್ಕೆ ಬಂದೆ. ಅಲ್ಲಿ ಏಹಬ್ ಹಡಗಿನ ಅಂಚಿಗೆ ಬಗ್ಗಿ ನಿಂತಿರುವಾಗ ಕಣ್ಣಿಂದ ಒಂದೇ ಒಂದು ಹನಿ ಸಮುದ್ರಕ್ಕೆ ಬೀಳುತ್ತದೆ. ನಿಮ್ಮ ಕಾವ್ಯ ಅಲ್ಲಿದೆ. ಹಲ್ಲಿನ ಲೆಕ್ಕ, ಬಾಲದ ಲೆಕ್ಕ, ಕೊಬ್ಬಿನ ಲೆಕ್ಕದಲ್ಲಿ ಇಲ್ಲ. ಎಲ್ಲ ಅಧ್ಯಾಯವೂ ಅದ್ಭುತ ಅನ್ನುವವರಲ್ಲಿ ಅರ್ಧ ಜನ ಸುಮ್ನೆ ಹೇಳುತ್ತಾರೆ ಅಂತ ನನ್ನ ಅನುಮಾನ.

ಉಪ್ಪುನೀರು

ನೇರಮಾತು ಅವರೇ, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಹನ್ನೊಂದು ವರ್ಷ ಸರಕು ಹಡಗಿನಲ್ಲಿ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಸಮುದ್ರದ ಕೆಲಸ ಅಂದರೆ ಬಿರುಗಾಳಿ, ಆಳೆತ್ತರದ ಅಲೆ ಅಂತ ಜನ ಅಂದುಕೊಳ್ಳುತ್ತಾರೆ. ಬಹುಪಾಲು ದಿನ ಏನೂ ಆಗುವುದಿಲ್ಲ. ಬೆಳಿಗ್ಗೆ ನೀರು, ಸಂಜೆ ನೀರು. ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ಅಂತ ಕೈಗೆ ಕೆಲಸ ಇರುತ್ತದೆ, ತಲೆಗೆ ಇರುವುದಿಲ್ಲ. ಆಗ ಎದುರಿಗಿರುವ ಒಂದೇ ವಸ್ತುವಿನ ಬಗ್ಗೆ ಬೇಕಾದ್ದು ಬೇಡದ್ದು ಎಲ್ಲ ಯೋಚಿಸುತ್ತಾ ಕೂರುತ್ತೀರಿ. ಇಷ್ಮೇಲ್ ಮಾಡುವುದೂ ಅಷ್ಟೇ. ಮೆಲ್ವಿಲ್ ಇದನ್ನು ಊಹಿಸಿ ಬರೆದದ್ದಲ್ಲ, 1841ರಲ್ಲಿ, 21ನೇ ವಯಸ್ಸಿಗೆ, ಅಕುಷ್ನೆಟ್ ಅನ್ನುವ ತಿಮಿಂಗಿಲ ಬೇಟೆ ಹಡಗಿನಲ್ಲಿ ಕೂಲಿಯಾಳಾಗಿ ಹೋದವನು.

35ನೇ ಅಧ್ಯಾಯ ಒಂದು ಓದಿ. ಕೂವೆಮರದ ತುದಿಯಲ್ಲಿ, ಡೆಕ್‌ನಿಂದ ನೂರಡಿ ಮೇಲೆ, ಎರಡು ಸಣ್ಣ ಅಡ್ಡಕಟ್ಟಿಗೆ ಮೇಲೆ ನಿಂತು ತಿಮಿಂಗಿಲ ಕಾಣುತ್ತದಾ ಅಂತ ನೋಡಬೇಕು. ಎರಡು ಗಂಟೆಗೊಮ್ಮೆ ಪಾಳಿ ಬದಲು. ನಾನು ಆ ಕೆಲಸದಲ್ಲಿ ಪ್ರಯೋಜನಕ್ಕೆ ಬಾರದವನು ಅಂತ ಇಷ್ಮೇಲ್ ತಾನೇ ಒಪ್ಪಿಕೊಳ್ಳುತ್ತಾನೆ. ನನಗೆ ಇದ್ದದ್ದು ರೇಡಾರು, ಬಿಸಿ ಚಹಾ. ಆದರೂ ರಾತ್ರಿ ಹನ್ನೆರಡರಿಂದ ನಾಲ್ಕರ ಪಾಳಿಯಲ್ಲಿ, ಗಾಳಿಯೇ ಇಲ್ಲದ ಒಂದು ದಿನ, ನಕ್ಷತ್ರಗಳು ನೀರಿನಲ್ಲೂ ಕಾಣುತ್ತಿದ್ದವು. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ತಿಳಿಯದೆ ಸರಳು ಹಿಡಿದುಕೊಂಡು ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಕೆಳಗೆ ಬಿದ್ದರೂ ಗೊತ್ತಾಗದ ಆ ಸ್ಥಿತಿಯನ್ನು ಅವನು ನನಗಿಂತ ನೂರೈವತ್ತು ವರ್ಷ ಮೊದಲೇ ಬರೆದುಬಿಟ್ಟಿದ್ದಾನೆ.

ಇನ್ನು 60. ಅದು ಬರೀ ಹಗ್ಗದ ಬಗ್ಗೆ. ಇನ್ನೂರು ಮಾರಿಗೂ ಜಾಸ್ತಿ ಉದ್ದದ ಹಗ್ಗ ದೋಣಿಯಲ್ಲಿ ಸುತ್ತಿಟ್ಟಿರುತ್ತದೆ, ಹುಟ್ಟು ಹಾಕುವವರ ಪಕ್ಕದಲ್ಲೇ, ಕೈ ಹತ್ತಿರವೇ ಹಾದುಹೋಗುತ್ತದೆ. ಈಟಿ ತಾಗಿದ ತಿಮಿಂಗಿಲ ಓಡಿತೋ, ಆ ಹಗ್ಗಕ್ಕೆ ಸಿಕ್ಕಿದ್ದು ಹೋಯಿತು. ಕೈಯೋ, ಕಾಲೋ, ಇಡೀ ಮನುಷ್ಯನೋ. ಏಹಬ್ ಸಾಯುವುದು ಇಂಥದೇ ಹಗ್ಗ ಕೊರಳಿಗೆ ಸುತ್ತಿಕೊಂಡು ಅಂತ ನಿಮಗೆ ಗೊತ್ತು. 60 ಹಾರಿಸಿ ಅಲ್ಲಿಗೆ ಹೋದರೆ ಅದು ಯಾವುದೋ ಅಪಘಾತದ ಹಾಗೆ ಅರೆ ಸಾಲಿನಲ್ಲಿ ಮುಗಿದುಹೋಗುತ್ತದೆ. 60 ಓದಿ ಹೋದರೆ ಎಪ್ಪತ್ತೈದು ಅಧ್ಯಾಯದಿಂದ ಆ ಹಗ್ಗ ಅಲ್ಲೇ ಸುತ್ತಿಕೊಂಡು ಕಾಯುತ್ತಿತ್ತು ಅನಿಸುತ್ತದೆ.

ನೇರಮಾತು

60 ಒಪ್ಪಿದೆ. 32 ಈಗಲೂ ಒಪ್ಪಲ್ಲ.

ಗಟ್ಟಿಓದು

32 ತಮಾಷೆ ಕಣ್ರೀ! ಅವನು ತಿಮಿಂಗಿಲಗಳನ್ನು ವಿಂಗಡಿಸುವುದು ಪುಸ್ತಕದ ಅಳತೆಯ ಮೇಲೆ. ದೊಡ್ಡ ಹಾಳೆಯ ಪುಸ್ತಕದಂಥವು, ನಡುವಿನ ಅಳತೆಯವು, ಕೈಹಿಡಿಯಷ್ಟರವು. ಎಲ್ಲ ಮುಗಿಸಿ ಕೊನೆಗೆ ಇದು ಅಪೂರ್ಣ ಅಂತ ಕೈ ತೊಳೆದುಕೊಳ್ಳುತ್ತಾನೆ. ಪಂಡಿತರನ್ನು ಅಣಕಿಸುವ ಹುಡುಗನ ಹಾಗೆ.

ನನ್ನ ಸಲಹೆ ಬೇರೆ. ಕಣ್ಣಲ್ಲಿ ಓದಬೇಡಿ, ಗಮಕ ವಾಚನದವರ ಹಾಗೆ ಬಾಯಿಬಿಟ್ಟು ಓದಿ. ಮನೆಯವರು ನಗುತ್ತಾರೆ, ನಗಲಿ. ಏಹಬ್‌ನ ಮಾತುಗಳಿಗೆ ಪದ್ಯದ ನಡಿಗೆ ಇದೆ, 37ರಿಂದ 40ರವರೆಗೆ ಪೂರ್ತಿ ನಾಟಕದ ಧಾಟಿಯೇ. ಕಣ್ಣಿಗೆ ಗೋಜಲು ಅನಿಸಿದ ಉದ್ದ ವಾಕ್ಯ ನಾಲಿಗೆಗೆ ಸಲೀಸಾಗಿ ಬರುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಅದೇ ಹೇಳಿಕೊಡುತ್ತದೆ.

ಮತ್ತೆ ದಯವಿಟ್ಟು 87 ಬಿಡಬೇಡಿ. ಬೇಟೆಯ ಗಲಾಟೆ ನಡುವೆ ದೋಣಿ ತಿಮಿಂಗಿಲಗಳ ಹಿಂಡಿನ ನಟ್ಟನಡುವಿಗೆ ಬಂದುಬಿಡುತ್ತದೆ. ಅಲ್ಲಿ ನೀರು ಕೆರೆಯಷ್ಟು ಶಾಂತ. ಬಗ್ಗಿ ನೋಡಿದರೆ ಕೆಳಗೆ ತಾಯಂದಿರು ಮರಿಗಳಿಗೆ ಹಾಲು ಕೊಡುತ್ತಿವೆ. ಒಂದು ಮರಿ ಹುಟ್ಟಿ ಒಂದು ದಿನವಾಗಿರಬಹುದು, ಆಗಲೇ ಹದಿನಾಲ್ಕು ಅಡಿ. ಅದರ ರೆಕ್ಕೆ ಮತ್ತು ಬಾಲ ಹಸುಗೂಸಿನ ಕಿವಿಯ ಹಾಗೆ ಇನ್ನೂ ಸುಕ್ಕುಸುಕ್ಕು. ಇದನ್ನು ಬರೆದವನ ಕೈಯೇ ಕೊಬ್ಬಿನ ಲೆಕ್ಕವನ್ನೂ ಬರೆದದ್ದು. ಲೆಕ್ಕ ಓದಿ ಸುಸ್ತಾಗಿದ್ದಕ್ಕೇ ಇಲ್ಲಿ ನನ್ನ ಗಂಟಲು ಕಟ್ಟಿತು ಅಂತ ಕಾಣುತ್ತದೆ.

ಹಳೇಪ್ರತಿ

ಪುಟಮಡಚಿ ಅವರಿಗೆ ಒಂದು ಸಮಾಧಾನ. ನಿಮಗಿಂತ ಕಷ್ಟಪಟ್ಟ ಓದುಗರು ಇದ್ದರು. 1851ರ ಅಕ್ಟೋಬರಿನಲ್ಲಿ ಇದು ಮೊದಲು ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು, ಹೆಸರು ‘ದಿ ವೇಲ್’. ಆ ಮುದ್ರಣದಲ್ಲಿ ಕೊನೆಯ ಉಪಸಂಹಾರವೇ ಇರಲಿಲ್ಲ! ಅಂದರೆ ನೀರಿನಲ್ಲಿ ತೇಲಿ ಬಂದ ಶವಪೆಟ್ಟಿಗೆ ಹಿಡಿದು ಇಷ್ಮೇಲ್ ಬದುಕಿ ಉಳಿದದ್ದು ಅಲ್ಲಿನವರಿಗೆ ಗೊತ್ತೇ ಆಗಲಿಲ್ಲ. ಹಡಗು ಮುಳುಗಿತು, ಎಲ್ಲರೂ ಸತ್ತರು, ಹಾಗಾದರೆ ಇಷ್ಟು ಹೊತ್ತು ಕಥೆ ಹೇಳಿದ್ದು ಯಾರು ಅಂತ ವಿಮರ್ಶಕರು ಬೈದರು. ಅವರು ಕೇಳಿದ್ದು ನ್ಯಾಯವೇ. ಅಮೆರಿಕದ ಮುದ್ರಣ ನವೆಂಬರಿನಲ್ಲಿ ಬಂತು, ಅದರಲ್ಲಿ ಉಪಸಂಹಾರ ಇತ್ತು.

ಮೆಲ್ವಿಲ್ ಬದುಕಿರುವವರೆಗೆ ಇದರ ನಾಲ್ಕು ಸಾವಿರ ಪ್ರತಿಯೂ ಖರ್ಚಾಗಲಿಲ್ಲ. ಆತ ನ್ಯೂಯಾರ್ಕ್ ಬಂದರಿನಲ್ಲಿ 19 ವರ್ಷ ಸುಂಕದ ಇನ್ಸ್‌ಪೆಕ್ಟರ್ ಆಗಿದ್ದು 1891ರಲ್ಲಿ ತೀರಿಕೊಂಡ. ಜನ ಇದನ್ನು ಮತ್ತೆ ಕೈಗೆತ್ತಿಕೊಂಡಿದ್ದು 1920ರ ಸುಮಾರಿಗೆ. ಹಾಗಾಗಿ ಮೂರು ಸಲ ಕೆಳಗಿಟ್ಟಿದ್ದೇನೆ ಅಂತ ನಾಚಿಕೆ ಬೇಡ.

ಪುಟಮಡಚಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಬಾಗಿಲು ಹಾಕಿಕೊಂಡು 32 ಜೋರಾಗಿ ಓದಿದೆ. ನಕ್ಕೆ ಅಂತ ಹೇಳಲಾರೆ, ಆದರೆ ಮುಗಿಯಿತು. 35 ಎರಡು ಸಲ ಓದಿದೆ. ಉಪ್ಪುನೀರು ಅವರ ಕೆನೆ ಕಟ್ಟಿದ ಚಹಾ ತಲೆಯಿಂದ ಹೋಗುತ್ತಿಲ್ಲ. ಪುಟ ತಿರುವಿ ಮುಂದೆ ನೋಡಿದರೆ 55, 56, 57 ಮೂರೂ ತಿಮಿಂಗಿಲದ ಚಿತ್ರಗಳ ಬಗ್ಗೆಯಂತೆ. ಇವನ್ನಾದರೂ ಬಿಡಬಹುದಾ?

ಗಟ್ಟಿಓದು

55, 56 ಬಿಡಿ, ನಾನೂ ಬಿಟ್ಟಿದ್ದೆ. 57 ಮಾತ್ರ ಬೇಡ. ನಾವಿಕರು ಬಿಡುವಿನಲ್ಲಿ ತಿಮಿಂಗಿಲದ ಹಲ್ಲಿನ ಮೇಲೆ ಚಿತ್ರ ಕೆತ್ತುವುದು ಅದರಲ್ಲಿ ಬರುತ್ತದೆ, ಇರುವುದೂ ಎರಡೋ ಮೂರೋ ಪುಟ.