ಪೈಥಾನ್ ಕರೆನ್ಸಿ ಕನ್ವರ್ಟರ್‌ನಲ್ಲಿ ದಿರ್ಹಮ್ ಇಲ್ವಾ?

ಊದುಬತ್ತಿ_ಮೈಸೂರು:
ನಮ್ಮದು ಮೈಸೂರಿನಲ್ಲಿ ಸಣ್ಣ ಊದುಬತ್ತಿ ವ್ಯಾಪಾರ. ಒಂದೇ ಸರಕಿಗೆ ಜರ್ಮನಿಯವರು ಯೂರೋದಲ್ಲಿ, ದುಬೈನವರು ದಿರ್ಹಮ್‌ನಲ್ಲಿ ರೇಟು ಹೇಳುತ್ತಾರೆ. ಯಾವುದು ಗಿಟ್ಟುತ್ತೆ ಅಂತ ಚಿಕ್ಕಪ್ಪ ದಿನಾ ಕೇಳುತ್ತಾರೆ. ಅದಕ್ಕೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ‘ಕರೆನ್ಸಿ ಕನ್ವರ್ಟರ್’ ಲೈಬ್ರರಿ (ಹಣ ಬದಲಾವಣೆ ಲೆಕ್ಕದ ಸಿದ್ಧ ಕೋಡ್) ಹಾಕಿಕೊಂಡೆ. ಯೂರೋ ಸಲೀಸಾಗಿ ರೂಪಾಯಿಗೆ ಬರುತ್ತೆ. ದಿರ್ಹಮ್ ಅಂದರೆ ಎರರ್. ಭಾನುವಾರದ ತಾರೀಖು ಕೊಟ್ಟರೂ ಎರರ್. ಏನು ಮಾಡಲಿ?

ಮಂಡ್ಯ_ಕೋಡರ್:
ಆ ಲೈಬ್ರರಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ರೇಟು ಪಟ್ಟಿ ಓದುತ್ತೆ ಗುರು. ಆ ಪಟ್ಟಿಯಲ್ಲಿ ದಿರ್ಹಮ್ ಇಲ್ಲ. ಆದರೆ ಒಂದು ಅನುಕೂಲ ಇದೆ: 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ಕಟ್ಟಿಹಾಕಿದ್ದಾರೆ. ದಿರ್ಹಮ್ಮನ್ನು ಅದರಿಂದ ಭಾಗಿಸಿ ಡಾಲರ್ ಮಾಡಿಕೋ, ಮುಂದಿನದು ಲೈಬ್ರರಿಗೆ ಬಿಡು. 1000 ದಿರ್ಹಮ್ ಅಂದರೆ ಸುಮಾರು 272.29 ಡಾಲರ್. ಕುವೈತ್ ದಿನಾರ್‌ಗೆ ಈ ದಾರಿ ಹಿಡಿಯಬೇಡ, ಅದು ಬರೀ ಡಾಲರ್‌ಗೆ ಕಟ್ಟಿದ್ದಲ್ಲ. ಒಂದು ದಿನಾರ್‌ಗೆ 1000 ಫಿಲ್ಸ್ (ನಮ್ಮ ಪೈಸೆ ಹಾಗೆ) ಬೇರೆ, ಪಾಯಿಂಟ್ ಆದಮೇಲೆ ಮೂರು ಅಂಕಿ ಬೇಕು.

ಸರಸ್ವತಿಪುರಂ_ಅಕ್ಕ:
ಭಾನುವಾರದ ವಿಷಯ ನಾನು ಹೇಳುತ್ತೇನೆ. ಆ ಬ್ಯಾಂಕು ಕೆಲಸದ ದಿನ ಮಾತ್ರ ರೇಟು ಹಾಕುತ್ತೆ, ಅಲ್ಲಿನ ಸಂಜೆ ನಾಲ್ಕರ ಸುಮಾರಿಗೆ. ಲೈಬ್ರರಿಯಲ್ಲಿ ‘ಫಾಲ್‌ಬ್ಯಾಕ್ ಆನ್ ಮಿಸ್ಸಿಂಗ್ ರೇಟ್’ ಅನ್ನೋ ಆಯ್ಕೆ ಆನ್ ಮಾಡಿದರೆ ಎರರ್ ಹೋಗುತ್ತೆ. ಆದರೆ ಅದು ಸುಮ್ನೆ ಶುಕ್ರವಾರದ ರೇಟು ಕೊಡಲ್ಲ, ಶುಕ್ರವಾರ ಮತ್ತು ಸೋಮವಾರದ ರೇಟುಗಳ ನಡುವೆ ಒಂದು ಅಂಕಿ ಲೆಕ್ಕಹಾಕಿ ಕೊಡುತ್ತೆ. ಯಾರೂ ಎಲ್ಲೂ ಪ್ರಕಟಿಸದ ರೇಟು ಅದು! ಬಿಲ್ಲಿಗೆ ‘ಲಾಸ್ಟ್ ನೋನ್’ ವಿಧಾನವೇ ಸರಿ, ಅದು ಹಿಂದೆ ಕೊನೆಯದಾಗಿ ಪ್ರಕಟವಾದ ರೇಟನ್ನೇ ಕೊಡುತ್ತೆ. ಇನ್ನೊಂದು ಮಾತು ತಮ್ಮಾ, ಲೈಬ್ರರಿ ಜೊತೆ ಬರುವ ಫೈಲು ಹಳೆಯದಾಗಿರಬಹುದು. ಆ ಯುರೋಪಿಯನ್ ಬ್ಯಾಂಕಿನ ಲಿಂಕ್ ಕೊಟ್ಟು ಹೊಸ ರೇಟು ತರಿಸಿಕೋ. ದಶಮಾಂಶವನ್ನು ಕರಾರುವಾಕ್ಕಾಗಿ ಲೆಕ್ಕ ಹಾಕುವ ‘ಡೆಸಿಮಲ್’ ಕೂಡ ಆನ್ ಮಾಡು. ಫ್ಲೋಟ್‌ನಲ್ಲಿ (ಕಂಪ್ಯೂಟರಿನ ಮಾಮೂಲಿ ಅಂದಾಜು ದಶಮಾಂಶ ಲೆಕ್ಕ) 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತೆ, ಚಿಕ್ಕಪ್ಪನಿಗೆ ಅದನ್ನು ತೋರಿಸೋಕಾಗುತ್ತಾ?

ಊದುಬತ್ತಿ_ಮೈಸೂರು:
ದಿರ್ಹಮ್ ಬಂತು, ಥ್ಯಾಂಕ್ಸ್ ಅಣ್ಣ! ಅಕ್ಕಾ, ನಮ್ಮ ಖಾತೆಗೆ ಬೀಳುವ ದುಡ್ಡು ಮಾತ್ರ ಇದಕ್ಕಿಂತ ಕಡಿಮೆ ಇರುತ್ತಲ್ಲ?

ಸರಸ್ವತಿಪುರಂ_ಅಕ್ಕ:
ಇರಲೇಬೇಕು. ಇದು ಬರೀ ರೆಫರೆನ್ಸ್ ರೇಟು, ಈ ಬೆಲೆಗೆ ಯಾವ ಬ್ಯಾಂಕೂ ಕೊಳ್ಳಲ್ಲ. ಎರಡೂ ಕೊಟೇಶನ್ನನ್ನು ಒಂದೇ ದಿನದ ರೇಟಿಗೆ ಹೋಲಿಸು. ಬ್ಯಾಂಕ್ ಖರ್ಚನ್ನು ರೂಪಾಯಿಗೆ ತಂದಮೇಲೆ ಕಳೆ. ಯೂರೋಗೂ ದಿರ್ಹಮ್‌ಗೂ ಆ ಖರ್ಚು ಒಂದೇ ಇರಲ್ಲ, ಹಳೇ ಪಾವತಿ ಚೀಟಿ ನೋಡಿ ಬೇರೆ ಬೇರೆ ಹಾಕು.

ಮಂಡ್ಯ_ಕೋಡರ್:
ದುಬೈನವರು ದುಡ್ಡು ಎಷ್ಟು ದಿನಕ್ಕೆ ಕಳಿಸುತ್ತಾರೆ ಅಂತಲೂ ಒಂದು ಕಾಲಂ ಇಡು ಗುರು. ನಾನಾದರೆ ಮೊದಲು ಅದನ್ನೇ ನೋಡುತ್ತೇನೆ.